ವಿಳಾಸ ನೋಡಿ ಮಣೆ ಹಾಕುವ ಸ್ವಿಚ್

ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುವವರ ಮುಂದೆ ಒಂದು ಬೇಡಿಕೆ ಮತ್ತೆ ಮತ್ತೆ ಬರುತ್ತದೆ: ‘ಈ ಒಂದು ಯಂತ್ರಕ್ಕೆ ಮೊದಲ ಆದ್ಯತೆ ಕೊಟ್ಟುಬಿಡಿ, ಉಳಿದವು ಹೇಗೋ ನಡೆಯಲಿ.’ ಆ ಯಂತ್ರ ಮ್ಯಾನೇಜರ್ ಸಾಹೇಬರ ಲ್ಯಾಪ್‌ಟಾಪ್ ಇರಬಹುದು, ಆಸ್ಪತ್ರೆಯ ವಿಚಾರಣೆ ಮೇಜಿನ ಐಪಿ ಫೋನ್ ಇರಬಹುದು, ಕಾಲೇಜಿನ ಆನ್‌ಲೈನ್ ಪರೀಕ್ಷೆಯ ಸರ್ವರ್ ಇರಬಹುದು. ಕೇಳುವವರ ತರ್ಕದಲ್ಲಿ ತಪ್ಪೇನಿಲ್ಲ. ಪ್ರತಿ ಸಾಧನಕ್ಕೂ ಕಾರ್ಖಾನೆಯಲ್ಲೇ ಒಂದು ಮ್ಯಾಕ್ ವಿಳಾಸ ಅಂಟಿರುತ್ತದೆ. ಯಾವ ವಿಳಾಸ ಯಾವ ಪೋರ್ಟಿನ ಹಿಂದಿದೆ ಎಂಬ ಪಟ್ಟಿಯನ್ನು ಸ್ವಿಚ್ ತಾನಾಗಿಯೇ ಬರೆದಿಟ್ಟುಕೊಂಡಿರುತ್ತದೆ. ನಾಲ್ಕು ಕಾಸು ಹೆಚ್ಚು ಕೊಟ್ಟು ತಂದ ಮ್ಯಾನೇಜ್ಡ್ ಸ್ವಿಚ್‌ನಲ್ಲಿ ಆದ್ಯತೆ ಹಂಚುವ ‘ಕ್ಯೂಒಎಸ್’ ಎಂಬ ಪುಟವೂ ಇದೆ. ಹಾಗಿದ್ದಮೇಲೆ ಆ ಪುಟದಲ್ಲಿ ವಿಳಾಸ ತುಂಬಿ ‘ಉಳಿಸು’ ಒತ್ತಿದರೆ ಕೆಲಸ ಮುಗಿಯಬೇಕಲ್ಲ?

ಬಹಳ ಸಲ ಮುಗಿಯುವುದಿಲ್ಲ. ಮುಗಿದಂತೆ ಕಂಡರೂ ಅರ್ಧ ಮಾತ್ರ ಮುಗಿದಿರುತ್ತದೆ. ವಿಳಾಸ ಆಧಾರಿತ ಆದ್ಯತೆ ಚೆನ್ನಾಗಿ ಕೆಲಸ ಮಾಡುವ ಜಾಗಗಳು ಇವೆ, ಆದರೆ ಅವು ಹೆಚ್ಚಾಗಿ ಈ ಬೇಡಿಕೆ ಹುಟ್ಟುವ ಜಾಗಗಳಲ್ಲ. ಅದೇಕೆ ಹೀಗೆ ಎಂದು ನೋಡಲು ವಿಳಾಸ ಎಲ್ಲಿಂದ ಬಂತು, ಆದ್ಯತೆ ಎಲ್ಲಿಂದ ಬಂತು ಎಂಬುದರಿಂದ ಶುರುಮಾಡಬೇಕು. ಇವೆರಡೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಹುಟ್ಟಿದವು.

ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ರಾಬರ್ಟ್ ಮೆಟ್‌ಕಾಫ್ ರೂಪಿಸಿ, ಡೇವಿಡ್ ಬಾಗ್ಸ್ ಜೊತೆ ಸೇರಿ ಕಟ್ಟಿದ ಪ್ರಾಯೋಗಿಕ ಈಥರ್ನೆಟ್‌ನಲ್ಲಿ ವಿಳಾಸಕ್ಕೆ ಇದ್ದದ್ದು ಬರೀ 8 ಬಿಟ್. ಒಂದು ಕಟ್ಟಡಕ್ಕೆ ಅಷ್ಟು ಸಾಕಿತ್ತು. 1980ರಲ್ಲಿ ಡಿಜಿಟಲ್, ಇಂಟೆಲ್ ಮತ್ತು ಜೆರಾಕ್ಸ್ ಸೇರಿ 10 ಎಂಬಿಪಿಎಸ್ ಈಥರ್ನೆಟ್‌ನ ವಿವರಗಳನ್ನು ಪ್ರಕಟಿಸುವ ಹೊತ್ತಿಗೆ ಅದು 48 ಬಿಟ್ ಆಗಿತ್ತು. ಈ 48ರ ಹಿಂದಿನ ತರ್ಕವನ್ನು 1981ರ ಪ್ರಬಂಧವೊಂದರಲ್ಲಿ ಬಿಡಿಸಿಟ್ಟವರು ಇಬ್ಬರು: ಐಐಟಿ ಬಾಂಬೆಯಲ್ಲಿ ಓದಿ ಸ್ಟ್ಯಾನ್‌ಫರ್ಡ್‌ಗೆ ಹೋಗಿದ್ದ ಯೋಗೇನ್ ದಲಾಲ್ ಮತ್ತು ರಾಬರ್ಟ್ ಪ್ರಿಂಟಿಸ್. ಯಂತ್ರದ ಗುರುತು ಅದು ಯಾವ ತಂತಿಗೆ ಜೋಡಿಸಿಕೊಂಡಿದೆ ಎಂಬುದರ ಮೇಲೆ ನಿಲ್ಲಬಾರದು, ಎಲ್ಲಿಗೆ ಒಯ್ದರೂ ಅದೇ ಆಗಿರಬೇಕು ಎಂಬುದು ಅವರ ವಾದದ ತಿರುಳು. ವಿಳಾಸದ ಮೊದಲ 24 ಬಿಟ್ ತಯಾರಕರ ಗುರುತು, ಈಗ ಅದನ್ನು ಹಂಚುವುದು ಐಇಇಇ. ಉಳಿದ 24 ತಯಾರಕರೇ ಕೊಡುವ ಕ್ರಮಸಂಖ್ಯೆ. ಮೇಲು ಕೀಳು, ತುರ್ತು ನಿಧಾನ ಎಂಬ ಭೇದಕ್ಕೆ ಆ 48ರಲ್ಲಿ ಒಂದು ಬಿಟ್ ಕೂಡ ಮೀಸಲಿರಲಿಲ್ಲ.

1980ರ ದಶಕದ ಬ್ರಿಡ್ಜ್‌ಗಳು ಈ ವಿಳಾಸಕ್ಕೆ ಎರಡನೆಯ ಕೆಲಸ ಹಚ್ಚಿದವು. ಒಳಬರುವ ಪ್ರತಿ ಫ್ರೇಮ್‌ನ ಕಳುಹಿಸಿದವರ ವಿಳಾಸ ಓದಿ, ಅದು ಯಾವ ಪೋರ್ಟಿನಿಂದ ಬಂತೆಂದು ಬರೆದಿಟ್ಟುಕೊಳ್ಳುವುದು. ಮುಂದೆ ಆ ವಿಳಾಸಕ್ಕೆ ಏನಾದರೂ ಬಂದರೆ ಅದೇ ಪೋರ್ಟಿಗೆ ಮಾತ್ರ ಕಳುಹಿಸುವುದು. ಐದು ನಿಮಿಷ ಆ ಯಂತ್ರದಿಂದ ಸದ್ದಿಲ್ಲದಿದ್ದರೆ ನಮೂದನ್ನು ಅಳಿಸಿಹಾಕುವುದು. ಆ 300 ಸೆಕೆಂಡುಗಳ ರೂಢಿ ಇಂದಿನ ಸ್ವಿಚ್‌ಗಳಲ್ಲೂ ಹಾಗೇ ಉಳಿದಿದೆ. 1990ರಲ್ಲಿ ಕ್ಯಾಲಿಫೋರ್ನಿಯಾದ ಕಲ್ಪನಾ ಎಂಬ ಪುಟ್ಟ ಕಂಪನಿ ಏಳು ಪೋರ್ಟ್‌ಗಳ ಈಥರ್‌ಸ್ವಿಚ್ ಮಾರುಕಟ್ಟೆಗೆ ತಂದಿತು. ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಕಟ್ಟಿದ ಈ ಕಂಪನಿಯನ್ನು 1994ರಲ್ಲಿ ಸಿಸ್ಕೊ ಕೊಂಡುಕೊಂಡಿತು. ಸ್ವಿಚ್ ಎಂಬ ಪೆಟ್ಟಿಗೆ ಮನೆಮಾತಾದದ್ದು ಅಲ್ಲಿಂದ.

ಆದ್ಯತೆ ಬಂದದ್ದು ಇದೆಲ್ಲ ಆದಮೇಲೆ, ಬೇರೆ ದಾರಿಯಿಂದ. 802.1ಪಿ ಎಂದು ಇವತ್ತಿಗೂ ಕರೆಯುವ ಕೆಲಸ 1998ರಲ್ಲಿ 802.1ಡಿ ಮಾನದಂಡದೊಳಗೆ ಸೇರಿತು. ಅದೇ ವರ್ಷ ಬಂದ 802.1ಕ್ಯೂ, ಫ್ರೇಮ್‌ನೊಳಗೆ 4 ಬೈಟ್‌ಗಳ ಚೀಟಿಯೊಂದನ್ನು ತುರುಕಿತು. ಅದರಲ್ಲಿ 12 ಬಿಟ್ ವಿಲ್ಯಾನ್ (ಒಂದೇ ಜಾಲದೊಳಗಿನ ಪ್ರತ್ಯೇಕ ಉಪಜಾಲ) ಸಂಖ್ಯೆಗೆ, 3 ಬಿಟ್ ಆದ್ಯತೆಗೆ. ಮೂರು ಬಿಟ್ ಎಂದರೆ 0ಯಿಂದ 7ರವರೆಗೆ ಎಂಟು ದರ್ಜೆ. ಐಪಿ ಮಟ್ಟದಲ್ಲೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಡಿಎಸ್‌ಸಿಪಿ ಎಂಬ 6 ಬಿಟ್‌ಗಳ ಗುರುತು ಬಂತು. ಗಮನಿಸಬೇಕಾದ್ದು ಏನೆಂದರೆ, ಈ ಎರಡೂ ಗುರುತುಗಳು ಕೇಳುವುದು ‘ಇದು ಎಂಥ ಮಾಹಿತಿ’ ಎಂದು: ಧ್ವನಿಯೋ, ವಿಡಿಯೋವೋ, ಹಿನ್ನೆಲೆಯಲ್ಲಿ ನಡೆಯುವ ಬ್ಯಾಕಪ್ಪೋ. ಇದು ಯಾರದ್ದು ಎಂಬುದು ಅವುಗಳ ಪ್ರಶ್ನೆಯೇ ಅಲ್ಲ. ಒಂದೇ ಲ್ಯಾಪ್‌ಟಾಪಿನಿಂದ ವಿಡಿಯೋ ಸಭೆಯೂ ಹೊರಡುತ್ತದೆ, ಅದೇ ಹೊತ್ತಿಗೆ ಐದು ಜಿಬಿಯ ಫೈಲೂ ಹೊರಡುತ್ತದೆ. ಮ್ಯಾಕ್ ವಿಳಾಸ ನೋಡಿ ಮಣೆ ಹಾಕುವ ಸ್ವಿಚ್ ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ, ಆಗ ಸಾಹೇಬರ ಫೈಲು ಸಾಹೇಬರದೇ ಮಾತನ್ನು ಕತ್ತರಿಸುತ್ತದೆ.

ಅಂಕಿಗಳ ಬಲೆ

ಸ್ವಿಚ್‌ನೊಳಗೆ ಆದ್ಯತೆ ಎಂದರೆ ಕೊನೆಗೆ ಏನು? ಹೊರಹೋಗುವ ಪ್ರತಿ ಪೋರ್ಟಿನ ಬಾಯಲ್ಲಿ ನಾಲ್ಕೋ ಎಂಟೋ ಸರತಿಗಳಿರುತ್ತವೆ. ಒಳಬಂದ ಫ್ರೇಮ್ ಯಾವ ಸರತಿಗೆ ಸೇರಬೇಕು ಎಂಬುದು ಮೊದಲ ತೀರ್ಮಾನ. ಯಾವ ಸರತಿಯಿಂದ ಎಷ್ಟು ಸಲ ಎತ್ತಿ ಕಳುಹಿಸಬೇಕು ಎಂಬುದು ಎರಡನೆಯದು. ಮೇಲಿನ ಸರತಿ ಪೂರ್ತಿ ಖಾಲಿಯಾಗುವವರೆಗೆ ಕೆಳಗಿನದನ್ನು ಮುಟ್ಟದಿರುವುದು ಒಂದು ಪದ್ಧತಿ. ಪ್ರತಿ ಸರತಿಗೂ ತೂಕ ಕೊಟ್ಟು ಸುತ್ತಿನಂತೆ ಎತ್ತುವುದು ಇನ್ನೊಂದು. ಮೊದಲನೆಯದರಲ್ಲಿ ಮೇಲಿನವರು ಹೊಟ್ಟೆಬಾಕರಾದರೆ ಕೆಳಗಿನವರಿಗೆ ಉಪವಾಸ. ಧ್ವನಿಯಂಥ ತೆಳ್ಳಗಿನ ಹರಿವಿಗೆ ಅದು ಸರಿ: ಜಿ.711 ಎನ್‌ಕೋಡಿಂಗ್‌ನ ಒಂದು ಫೋನ್ ಕರೆ ಸೆಕೆಂಡಿಗೆ 50 ಪ್ಯಾಕೆಟ್‌ಗಳಂತೆ ಈಥರ್ನೆಟ್ ಮೇಲೆ ಒಂದು ದಿಕ್ಕಿಗೆ ಬಳಸುವುದು ಸುಮಾರು 87 ಕೆಬಿಪಿಎಸ್ ಮಾತ್ರ. ಅದೇ ಜಾಗಕ್ಕೆ ಇಡೀ ಲ್ಯಾಪ್‌ಟಾಪನ್ನು ತಂದು ಕೂರಿಸಿದರೆ ಬೇರೆ ಕಥೆ. ವಿಳಾಸ ಆಧಾರಿತ ಆದ್ಯತೆಯನ್ನು ಈ ಕಟ್ಟುನಿಟ್ಟಿನ ಸರತಿಗೆ ಎಂದೂ ಜೋಡಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತೂಕದ ಸರತಿಯಲ್ಲಿ ದೊಡ್ಡ ಪಾಲು ಕೊಡಿ, ಅಷ್ಟು ಸಾಕು.

ದರ್ಜೆಯ ಸಂಖ್ಯೆಯೂ ನೇರವಾಗಿಲ್ಲ. 0 ಸಾಮಾನ್ಯ, 7 ಅತಿ ಮೇಲು, ಹಾಗಾದರೆ 1 ಅಥವಾ 2 ಕೊಟ್ಟರೆ ಸ್ವಲ್ಪ ಮೇಲೆ ಎಂದು ಯಾರಿಗಾದರೂ ಅನ್ನಿಸಬೇಕು. ಮಾನದಂಡದಲ್ಲಿ 1 ಎಂದರೆ ಹಿನ್ನೆಲೆಯ ಕೆಲಸ, ಅದು 0ಗಿಂತ ಕೆಳಗೆ. 1998ರ ಆವೃತ್ತಿಯಲ್ಲಿ 2 ಕೂಡ 0ಗಿಂತ ಕೆಳಗಿತ್ತು, 2005ರ 802.1ಕ್ಯೂ ಪರಿಷ್ಕರಣೆಯಲ್ಲಿ ಅದನ್ನು ಮೇಲಕ್ಕೆತ್ತಿದರು. ನಾಲ್ಕು ಸರತಿಗಳ ಹಳೆಯ ಸ್ವಿಚ್‌ಗೆ 2 ಎಂದು ಬರೆದು ಒಂದು ಯಂತ್ರಕ್ಕೆ ಉಪಕಾರ ಮಾಡಿದೆನೆಂದು ಬೀಗುವವರು ಅದನ್ನು ಎಲ್ಲರಿಗಿಂತ ಹಿಂದಕ್ಕೆ ತಳ್ಳಿರುತ್ತಾರೆ.

ವೈಫೈಗೆ ದಾಟುವಾಗ ಇನ್ನೊಂದು ಎಡವಟ್ಟು. 2005ರ 802.11ಇ ಮಾನದಂಡ ಗಾಳಿಯ ಮೇಲಿನ ಹರಿವಿಗೆ ನಾಲ್ಕು ವರ್ಗ ಮಾಡಿತು: ಧ್ವನಿ, ವಿಡಿಯೋ, ಸಾಮಾನ್ಯ, ಹಿನ್ನೆಲೆ. ಅದು ಹಳೆಯ ಪಟ್ಟಿಯನ್ನು ಹಿಡಿದುಕೊಂಡದ್ದರಿಂದ ಅಲ್ಲಿ 6 ಮತ್ತು 7 ಧ್ವನಿಗೆ, 4 ಮತ್ತು 5 ವಿಡಿಯೋಗೆ. ತಂತಿಯ ಲೋಕದಲ್ಲಿ ಧ್ವನಿಯ ಡಿಎಸ್‌ಸಿಪಿ ಗುರುತು 46. ಅದರ ಮೊದಲ ಮೂರು ಬಿಟ್ ಮಾತ್ರ ತೆಗೆದುಕೊಂಡರೆ 5 ಬರುತ್ತದೆ. ಹಾಗಾಗಿ ಫೋನ್ ಕರೆ ತಂತಿಯಿಂದ ಗಾಳಿಗೆ ಹಾರಿದ ಕೂಡಲೇ ವಿಡಿಯೋ ವರ್ಗಕ್ಕೆ ಬೀಳುತ್ತದೆ. ಇದನ್ನು ಸರಿಪಡಿಸುವ ಹೊಂದಾಣಿಕೆ ಪಟ್ಟಿಯನ್ನು ಇಂಟರ್ನೆಟ್ ಮಾನದಂಡಗಳ ಬಳಗ ಪ್ರಕಟಿಸಿದ್ದು 2018ರಲ್ಲಿ, ಆರ್‌ಎಫ್‌ಸಿ 8325 ಎಂಬ ದಾಖಲೆಯಾಗಿ. ಅಷ್ಟರೊಳಗೆ ಮಾರಾಟವಾದ ಉಪಕರಣಗಳು ಲೆಕ್ಕವಿಲ್ಲದಷ್ಟು.

ನಿಯಮ ಬರೆದರೂ ಹಿಡಿಯದ ಸ್ವಿಚ್

ಈಗ ನಿಜವಾದ ಪ್ರಶ್ನೆಗೆ ಬರೋಣ. ಮ್ಯಾಕ್ ವಿಳಾಸ ನೋಡಿ ದರ್ಜೆ ಕೊಡಲು ಸ್ವಿಚ್‌ನಲ್ಲಿ ಎಷ್ಟು ದಾರಿಗಳಿವೆ?

ಅತಿ ಸುಲಭದ್ದು ವಿಳಾಸದ ಪಟ್ಟಿಯಲ್ಲೇ ದರ್ಜೆ ಬರೆದಿಡುವುದು. ಮಾರ್ವೆಲ್ ಕಂಪನಿಯ ಲಿಂಕ್ ಸ್ಟ್ರೀಟ್ ಚಿಪ್‌ಗಳಲ್ಲಿ ಹೀಗೆ ಮಾಡಬಹುದು: ವಿಳಾಸದ ನಮೂದನ್ನು ಕಾಯಂ ಮಾಡಿ, ಅದಕ್ಕೆ ತಾಗಿದ ಫ್ರೇಮ್‌ನ ದರ್ಜೆಯನ್ನು ಮೀರಿ ಹೊಸ ದರ್ಜೆ ಹೇರಬಹುದು. ಹೇಗಿದ್ದರೂ ಪ್ರತಿ ಫ್ರೇಮ್‌ಗೂ ಸ್ವಿಚ್ ಆ ಪಟ್ಟಿಯನ್ನು ಹುಡುಕಲೇಬೇಕು, ಆದ್ದರಿಂದ ಇದಕ್ಕೆ ಹೆಚ್ಚುವರಿ ಖರ್ಚಿಲ್ಲ. ಇಷ್ಟು ಸೊಗಸಾದ ಸೌಲಭ್ಯ ಬಹುಪಾಲು ಪೆಟ್ಟಿಗೆಗಳ ಮೆನುವಿನಲ್ಲಿ ಕಾಣಿಸುವುದೇ ಇಲ್ಲ. ಚಿಪ್‌ಗೆ ಗೊತ್ತಿರುವುದೆಲ್ಲ ಮೆನುವಿಗೆ ಬರುವುದಿಲ್ಲ. ಸ್ವಿಚ್ ಕೊಳ್ಳುವವರು ನೆನಪಿಡಬೇಕಾದ ಮಾತು ಇದು.

ಎರಡನೆಯದು ಎಸಿಎಲ್, ಅಂದರೆ ನಿಯಮ ಪಟ್ಟಿ. ‘ಈ ವಿಳಾಸದಿಂದ ಬಂದದ್ದಕ್ಕೆ ಈ ದರ್ಜೆ’ ಎಂದು ಬರೆದು ಪೋರ್ಟಿಗೆ ಹಚ್ಚುವುದು. ನಿಯಮಗಳು ಕೂರುವುದು ಟಿಸಿಎಎಂ ಎಂಬ ದುಬಾರಿ ಸ್ಮೃತಿಯಲ್ಲಿ. ಅಲ್ಲಿ ಜಾಗ ಕಡಿಮೆ, ನೂರಾರು ಯಂತ್ರಗಳಿಗೆ ಒಂದೊಂದು ಸಾಲು ಬರೆಯಹೊರಟರೆ ಬೇಗ ತುಂಬುತ್ತದೆ. ಆದರೆ ಅದಕ್ಕಿಂತ ಕೆಟ್ಟ ಗುಂಡಿಯೊಂದಿದೆ. ಸಿಸ್ಕೊದ ಬಹಳ ಜನಪ್ರಿಯವಾದ ಕ್ಯಾಟಲಿಸ್ಟ್ 2960, 3560, 3750 ಸರಣಿಗಳಲ್ಲಿ ಮ್ಯಾಕ್ ನಿಯಮ ಪಟ್ಟಿ ಐಪಿಯಲ್ಲದ ಹರಿವಿಗೆ ಮಾತ್ರ ಅನ್ವಯ. ಇಂದಿನ ಕಚೇರಿಯಲ್ಲಿ ಹರಿಯುವುದು ಹೆಚ್ಚುಕಡಿಮೆ ಪೂರ್ತಿ ಐಪಿಯೇ. ಹಾಗಾಗಿ ಎಂಜಿನಿಯರ್ ವಿಳಾಸ ಬರೆಯುತ್ತಾನೆ, ಸ್ವಿಚ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ, ಆಮೇಲೆ ಒಂದು ಐಪಿ ಪ್ಯಾಕೆಟ್ ಕೂಡ ಆ ನಿಯಮಕ್ಕೆ ತಗಲುವುದಿಲ್ಲ. ಕೈಪಿಡಿಯಲ್ಲಿ ಇದನ್ನು ಬರೆದಿದ್ದಾರೆ. ಕೈಪಿಡಿ ಓದುವವರು ಯಾರು?

ಅದೇ ಸರಣಿಗಳಲ್ಲಿ ಇನ್ನೊಂದು ವಿಚಿತ್ರ. ಕ್ಯೂಒಎಸ್ ಆಫ್ ಮಾಡಿಟ್ಟಾಗ ಪ್ಯಾಕೆಟ್‌ಗಳ ಗುರುತುಗಳು ಇದ್ದ ಹಾಗೇ ದಾಟಿಹೋಗುತ್ತವೆ. ಅದನ್ನು ಹೊತ್ತಿಸಿದ ಮರುಕ್ಷಣ, ಯಾವ ಪೋರ್ಟನ್ನೂ ನಂಬು ಎಂದು ಹೇಳದಿದ್ದರೆ, ಎಲ್ಲ ಗುರುತೂ ಅಳಿದು 0 ಆಗುತ್ತದೆ. ಅಂದರೆ ಒಂದು ಯಂತ್ರಕ್ಕೆ ಆದ್ಯತೆ ಕೊಡಲೆಂದು ಆ ಒಂದು ಆಜ್ಞೆ ಕೊಟ್ಟವರು, ತಾವೇ ಗುರುತು ಹಾಕಿಕೊಂಡು ಚೆನ್ನಾಗಿ ನಡೆಯುತ್ತಿದ್ದ ಐಪಿ ಫೋನ್‌ಗಳನ್ನೆಲ್ಲ ಕೆಳಗಿಳಿಸಿರುತ್ತಾರೆ.

ಎಚ್‌ಪಿ ಪ್ರೊಕರ್ವ್ ಸ್ವಿಚ್‌ಗಳು ಬೇರೆ ಹಾದಿ ಹಿಡಿದವು. ಅಲ್ಲಿ ‘ಸಾಧನದ ಆದ್ಯತೆ’ ಎಂಬ ಆಜ್ಞೆಯೇ ಇತ್ತು, ಆದರೆ ಅದು ಕೇಳುತ್ತಿದ್ದುದು ಐಪಿ ವಿಳಾಸ. ಕಳುಹಿಸಿದವರದಾದರೂ ಸರಿ, ಪಡೆಯುವವರದಾದರೂ ಸರಿ, ತಾಗಿದರೆ ದರ್ಜೆ ಸಿಗುತ್ತಿತ್ತು. ಹಲವು ಆಧಾರಗಳು ಒಟ್ಟಿಗೆ ತಾಗಿದರೆ ಯಾವುದು ಗೆಲ್ಲಬೇಕು ಎಂಬ ಕ್ರಮವೂ ಕೈಪಿಡಿಯಲ್ಲಿ ಸ್ಪಷ್ಟವಾಗಿತ್ತು: ಅಪ್ಲಿಕೇಶನ್ನಿನ ಪೋರ್ಟ್ ಸಂಖ್ಯೆ ಎಲ್ಲಕ್ಕಿಂತ ಮೊದಲು, ಸಾಧನದ ವಿಳಾಸ ಆನಂತರ, ಫ್ರೇಮ್ ತಾನೇ ಹೊತ್ತುತಂದ 802.1ಪಿ ಗುರುತು ಕಡೆಗೆ. ‘ಏನು’ ಎಂಬುದನ್ನು ‘ಯಾರು’ ಎಂಬುದಕ್ಕಿಂತ ಮೇಲಿಟ್ಟ ಈ ಕ್ರಮ ನನಗೆ ಹೆಚ್ಚು ವಿವೇಕದ್ದೆಂದು ಕಾಣುತ್ತದೆ.

ವಿಳಾಸ ಕಳುಹಿಸಿದವರದೋ ಪಡೆಯುವವರದೋ ಎಂಬ ಅಂಶವನ್ನು ಹಗುರವಾಗಿ ಬಿಡುವ ಹಾಗಿಲ್ಲ. ಬಹುಪಾಲು ಮ್ಯಾಕ್ ನಿಯಮಗಳನ್ನು ಜನ ಬರೆಯುವುದು ಕಳುಹಿಸುವವರ ವಿಳಾಸಕ್ಕೆ. ಲ್ಯಾಪ್‌ಟಾಪಿನಿಂದ ಹೊರಡುವ ಫ್ರೇಮ್‌ನಲ್ಲಿ ಆ ವಿಳಾಸ ಇರುತ್ತದೆ, ನಿಜ. ಆದರೆ ದೂರು ಇರುವುದು ಸಾಮಾನ್ಯವಾಗಿ ಇಳಿಕೆಯ ಬಗ್ಗೆ: ವಿಡಿಯೋ ತಡವರಿಸುತ್ತದೆ, ಪುಟ ತೆರೆಯುವುದಿಲ್ಲ. ಇಂಟರ್ನೆಟ್‌ನಿಂದ ಬರುವ ಪ್ರತಿ ಪ್ಯಾಕೆಟನ್ನೂ ರೌಟರ್ ಹೊಸ ಫ್ರೇಮ್‌ನಲ್ಲಿ ಸುತ್ತಿ ಕಳುಹಿಸುತ್ತದೆ. ಆ ಫ್ರೇಮ್‌ನಲ್ಲಿ ಕಳುಹಿಸಿದವರ ವಿಳಾಸ ರೌಟರ್‌ನದು. ಲ್ಯಾಪ್‌ಟಾಪಿನದು ಪಡೆಯುವವರ ಜಾಗದಲ್ಲಿದೆ. ಆ ದಿಕ್ಕಿಗೆ ಇನ್ನೊಂದು ನಿಯಮ ಬರೆಯಬೇಕು, ಅದೂ ರೌಟರ್ ಕೂತಿರುವ ಪೋರ್ಟಿನಲ್ಲಿ. ಪಡೆಯುವವರ ವಿಳಾಸ ನೋಡಿ ದರ್ಜೆ ಕೊಡಲು ಬಾರದ ಸ್ವಿಚ್‌ಗಳೂ ಇವೆ. ಮ್ಯಾಕ್ ಆಧಾರಿತ ವಿಲ್ಯಾನ್ ಎಂಬ ಸೌಲಭ್ಯವಂತೂ ತನ್ನ ಸ್ವಭಾವದಿಂದಲೇ ಕಳುಹಿಸುವವರನ್ನು ಮಾತ್ರ ನೋಡುತ್ತದೆ. ರೌಟರ್ ದಾಟಿದ ಮೇಲೆ ಮೂಲ ಮ್ಯಾಕ್ ವಿಳಾಸ ಉಳಿಯುವುದೇ ಇಲ್ಲ ಎಂಬುದನ್ನೂ ಸೇರಿಸಿಕೊಳ್ಳಿ. ಬೆಂಗಳೂರಿನ ಕಚೇರಿಯ ಸ್ವಿಚ್‌ಗೆ ಹುಬ್ಬಳ್ಳಿ ಶಾಖೆಯ ಯಂತ್ರಗಳೆಲ್ಲ ಒಂದೇ ರೌಟರ್ ಆಗಿ ಕಾಣುತ್ತವೆ.

ವಿಳಾಸವೇ ನಿಲ್ಲದ ಕಾಲ

ದಲಾಲ್ ಮತ್ತು ಪ್ರಿಂಟಿಸ್ ಬಯಸಿದ್ದ, ಎಲ್ಲಿ ಹೋದರೂ ಬದಲಾಗದ ಗುರುತು ಕಾಲಾನಂತರ ಇನ್ನೊಂದು ತೊಂದರೆ ತಂದಿತು. ಅಂಗಡಿ, ವಿಮಾನ ನಿಲ್ದಾಣ, ಮಾಲ್‌ಗಳಲ್ಲಿ ಅದೇ ವಿಳಾಸ ಹಿಡಿದು ಜನರ ಓಡಾಟ ಪತ್ತೆಹಚ್ಚಲು ಸಾಧ್ಯವಾಯಿತು. ಆಪಲ್ 2014ರಲ್ಲಿ ಐಒಎಸ್ 8ರಿಂದ, ಸುತ್ತಲಿನ ವೈಫೈ ಹುಡುಕುವಾಗ ಸುಳ್ಳು ವಿಳಾಸ ಬಳಸತೊಡಗಿತು. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದಮೇಲೆ ನೆಟ್‌ವರ್ಕ್‌ಗೆ ಸೇರುವಾಗಲೂ ಅದೇ ರೂಢಿಯಾಯಿತು: ಒಂದೊಂದು ವೈಫೈ ಹೆಸರಿಗೆ ಒಂದೊಂದು ವಿಳಾಸ. ಸೆಟ್ಟಿಂಗ್ ಬದಲಾದರೆ, ನೆಟ್‌ವರ್ಕ್ ಮರೆತು ಮತ್ತೆ ಸೇರಿಸಿದರೆ, ಕೆಲವು ಸಂದರ್ಭಗಳಲ್ಲಿ ತಾನಾಗಿಯೇ ಕೂಡ ವಿಳಾಸ ಬದಲಾಗಬಹುದು. ಇಂಥ ವಿಳಾಸವನ್ನು ಗುರುತಿಸುವುದು ಸುಲಭ. ಹದಿನಾರಂಕಿ ಪದ್ಧತಿಯಲ್ಲಿ ಬರೆದಾಗ ಎರಡನೆಯ ಅಂಕಿ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ತಯಾರಕರು ಕೊಟ್ಟದ್ದಲ್ಲ, ಸ್ಥಳೀಯವಾಗಿ ಹಾಕಿಕೊಂಡದ್ದು. ನಿಯಮ ಬರೆಯುವ ಮುಂಚೆ ಈ ಒಂದು ಅಂಕಿ ನೋಡುವ ಅಭ್ಯಾಸ ಒಳ್ಳೆಯದು.

ತಂತಿಯ ಯಂತ್ರಗಳಲ್ಲೂ ವಿಳಾಸ ಅಷ್ಟು ಗಟ್ಟಿಯಲ್ಲ. ತೆಳ್ಳಗಿನ ಲ್ಯಾಪ್‌ಟಾಪ್‌ಗೆ ಯುಎಸ್‌ಬಿಯಿಂದ ಸಿಕ್ಕಿಸುವ ಈಥರ್ನೆಟ್ ಡಾಂಗಲ್‌ಗೆ ತನ್ನದೇ ವಿಳಾಸವಿದೆ. ಸಭಾಕೊಠಡಿಯ ಡಾಕ್‌ಗೆ ಯಾರು ಸಿಕ್ಕಿಸಿಕೊಂಡರೂ ಆದ್ಯತೆ ಅವರಿಗೇ. ಒಂದೇ ಸರ್ವರಿನೊಳಗಿನ ಹತ್ತು ವರ್ಚುವಲ್ ಯಂತ್ರಗಳಿಗೆ ಹತ್ತು ವಿಳಾಸ. ಕೆಲವು ವೈಫೈ ರಿಪೀಟರ್‌ಗಳು ತಮ್ಮ ಹಿಂದಿರುವವರೆಲ್ಲರ ವಿಳಾಸ ಮುಚ್ಚಿ ತಮ್ಮದನ್ನೇ ತೋರಿಸುತ್ತವೆ. ಲಿನಕ್ಸ್ ಬಲ್ಲ ವಿದ್ಯಾರ್ಥಿ ತನ್ನ ಯಂತ್ರಕ್ಕೆ ಪ್ರಾಂಶುಪಾಲರ ಯಂತ್ರದ ವಿಳಾಸ ಹಾಕಿಕೊಳ್ಳಲು ಒಂದು ಸಾಲಿನ ಆಜ್ಞೆ ಸಾಕು. ಗುರುತನ್ನು ಖಾತ್ರಿ ಮಾಡಿಕೊಳ್ಳುವ ಕೆಲಸಕ್ಕೆ 802.1ಎಕ್ಸ್ ಎಂಬ ಬೇರೆ ಮಾನದಂಡವೇ ಇದೆ.

ಸರತಿ ಎಲ್ಲಿದೆ?

ಇದನ್ನೆಲ್ಲ ಸರಿಪಡಿಸಿಕೊಂಡೆವು ಎಂದುಕೊಳ್ಳಿ: ದಿಕ್ಕು ಸರಿ, ದರ್ಜೆ ಸರಿ, ವಿಳಾಸ ಸ್ಥಿರ. ಆದರೂ ಪ್ರಯೋಜನವಾಗದಿರಬಹುದು. ಆದ್ಯತೆಗೆ ಅರ್ಥ ಬರುವುದು ಕಾಯುವವರಿರುವ ಕಡೆ ಮಾತ್ರ. ವಿಶೇಷ ದರ್ಶನದ ಚೀಟಿ ದೇವಸ್ಥಾನದ ಸಾಲಿನಲ್ಲಿ ನಡೆಯುತ್ತದೆ. ಬೆಟ್ಟದ ರಸ್ತೆಯಲ್ಲೇ ಬಸ್ಸು ಸಿಕ್ಕಿಕೊಂಡಿದ್ದರೆ ಅದನ್ನು ಯಾರಿಗೆ ತೋರಿಸುವುದು?

ಲೆಕ್ಕ ಹಾಕಿ ನೋಡೋಣ. ಗಿಗಾಬಿಟ್ ಪೋರ್ಟಿನಲ್ಲಿ 1500 ಬೈಟ್‌ಗಳ ಒಂದು ಪ್ಯಾಕೆಟ್ ಹೊರಹೋಗಲು ಸುಮಾರು 12 ಮೈಕ್ರೋಸೆಕೆಂಡ್ ಬೇಕು. ಸಣ್ಣ ಸ್ವಿಚ್‌ನ ಅರ್ಧ ಎಂಬಿ ಬಫರ್ ಪೂರ್ತಿ ತುಂಬಿ ಒಂದೇ ಪೋರ್ಟಿನಿಂದ ಖಾಲಿಯಾಗಬೇಕಾದರೂ ಸುಮಾರು 4 ಮಿಲಿಸೆಕೆಂಡ್. ಫೋನ್ ಮಾತುಕತೆಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್ ತಡವಾದರೂ ನಡೆಯುತ್ತದೆ ಎನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. ಅಂದರೆ ಸ್ವಿಚ್‌ನೊಳಗಿನ ಅತಿ ಕೆಟ್ಟ ಕಾಯುವಿಕೆಯೂ ಆ ಅಳತೆಯ ಮುಂದೆ ಲೆಕ್ಕಕ್ಕಿಲ್ಲ. ಈಗ ಅದೇ ಕಚೇರಿಯ ಇಂಟರ್ನೆಟ್ ರೌಟರ್ ನೋಡಿ. ಏರಿಕೆಯ ವೇಗ 20 ಎಂಬಿಪಿಎಸ್, ಬಫರ್ 1 ಎಂಬಿ ಎಂದಿಟ್ಟುಕೊಂಡರೆ, ಯಾರೋ ಒಬ್ಬರು ಫೋಟೊಗಳನ್ನು ಕ್ಲೌಡ್‌ಗೆ ಏರಿಸತೊಡಗಿದ ಕೂಡಲೇ ಅದರ ಹಿಂದೆ ನಿಂತ ಪ್ರತಿ ಪ್ಯಾಕೆಟ್ 400 ಮಿಲಿಸೆಕೆಂಡ್ ಕಾಯುತ್ತದೆ. ಎಡವಟ್ಟು ನಡೆಯುವುದು ಇಲ್ಲಿ, ಸ್ವಿಚ್‌ನಲ್ಲಿ ಅಲ್ಲ.

ಈ ರೋಗಕ್ಕೆ ಬಫರ್‌ಬ್ಲೋಟ್ ಎಂಬ ಹೆಸರು ಕೊಟ್ಟು 2010ರ ಸುಮಾರಿಗೆ ಗದ್ದಲ ಎಬ್ಬಿಸಿದವರು ಜಿಮ್ ಗೆಟ್ಟಿಸ್. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಇದಕ್ಕೆ ಕೋಡೆಲ್ ಎಂಬ ಮದ್ದು ತಂದರು: ಸರತಿಯ ಉದ್ದವನ್ನು ಬಿಟ್ಟು ಅದರಲ್ಲಿ ಕಾದ ಸಮಯವನ್ನು ಅಳೆಯುವುದು, ಮಿತಿ ಮೀರಿದರೆ ಪ್ಯಾಕೆಟ್ ಬೀಳಿಸಿ ಕಳುಹಿಸುವವರಿಗೆ ಸುಳಿವು ಕೊಡುವುದು. ಅದಕ್ಕೆ ನ್ಯಾಯದ ಹಂಚಿಕೆಯನ್ನು ಸೇರಿಸಿದ ಎಫ್‌ಕ್ಯೂ-ಕೋಡೆಲ್ ಅದೇ ವರ್ಷ ಲಿನಕ್ಸ್‌ಗೆ ಬಂತು. 2018ರಲ್ಲಿ ಬಂದ ಕೇಕ್ ಇನ್ನೂ ಒಂದು ಹೆಜ್ಜೆ ಮುಂದೆ: ಒಳಗಿನ ಪ್ರತಿ ಯಂತ್ರಕ್ಕೂ ಸಮಪಾಲು ಸಿಗುವಂತೆ ಅದು ಹಂಚಬಲ್ಲದು. ಒಬ್ಬರು ಎಷ್ಟೇ ಡೌನ್‌ಲೋಡ್ ಹಚ್ಚಿದರೂ ಇನ್ನೊಬ್ಬರ ಕರೆ ತಡವರಿಸುವುದಿಲ್ಲ. ಇಲ್ಲಿ ಯಾರ ವಿಳಾಸವನ್ನೂ ಎಲ್ಲೂ ಬರೆಯಬೇಕಿಲ್ಲ ಎಂಬುದು ಸ್ವಾರಸ್ಯ. ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶ ಹಾಕಿದ ಸಾಧಾರಣ ರೌಟರ್‌ನಲ್ಲೂ ಇದು ನಡೆಯುತ್ತದೆ, ಏರಿಕೆ ಇಳಿಕೆಗಳ ಮಿತಿಯನ್ನು ಸಂಪರ್ಕದ ನಿಜವಾದ ವೇಗಕ್ಕಿಂತ ತುಸು ಕಡಿಮೆ ಕೊಟ್ಟರೆ ಸಾಕು. ಮನೆ ಮತ್ತು ಸಣ್ಣ ಕಚೇರಿಗೆ ಇದರ ಮುಂದೆ ಮ್ಯಾನೇಜ್ಡ್ ಸ್ವಿಚ್‌ನ ಯಾವ ಆದ್ಯತೆಯೂ ನಿಲ್ಲುವುದಿಲ್ಲ.

ಹಾಗೆಂದು ಸ್ವಿಚ್‌ನಲ್ಲಿ ಸರತಿ ಎಂದೂ ಬೆಳೆಯುವುದಿಲ್ಲ ಎನ್ನಲಾಗದು. ಹತ್ತು ಗಿಗಾಬಿಟ್‌ನ ಸರ್ವರ್ ಒಂದು ಗಿಗಾಬಿಟ್‌ನ ಯಂತ್ರಕ್ಕೆ ಒಮ್ಮೆಲೇ ಸುರಿದಾಗ, ಅನೇಕ ಪೋರ್ಟ್‌ಗಳು ಒಂದೇ ಏರುಕೊಂಡಿಗೆ (ಅಪ್‌ಲಿಂಕ್) ನುಗ್ಗಿದಾಗ ಬೆಳೆಯುತ್ತದೆ. ಅಪಾರ್ಟ್‌ಮೆಂಟಿನ ಸಿಸಿಟಿವಿ ಇದಕ್ಕೆ ಒಳ್ಳೆಯ ಉದಾಹರಣೆ. 4 ಎಂಬಿಪಿಎಸ್‌ನ 32 ಕ್ಯಾಮೆರಾ ಎಂದರೆ 128 ಎಂಬಿಪಿಎಸ್. ಅಗ್ಗದ ಸ್ವಿಚ್‌ನ ಏರುಕೊಂಡಿ 100 ಎಂಬಿಪಿಎಸ್ ಆಗಿದ್ದರೆ ಏನೋ ಒಂದು ಕಳೆದುಹೋಗಲೇಬೇಕು. ಗೇಟಿನ ಕ್ಯಾಮೆರಾದ ವಿಳಾಸಕ್ಕೆ ಆದ್ಯತೆ ಕೊಟ್ಟರೆ ಗೇಟು ಸ್ಪಷ್ಟವಾಗಿ ಕಾಣುತ್ತದೆ, ನೆಲಮಾಳಿಗೆ ಮಸುಕಾಗುತ್ತದೆ. ಕೊರತೆ ಕಾಯಂ ಆಗಿರುವಲ್ಲಿ ಗಿಗಾಬಿಟ್ ಕೊಂಡಿ ಹಾಕಿಸಬೇಕು. ಆದ್ಯತೆ ಇರುವುದು ಕ್ಷಣಿಕ ನೂಕುನುಗ್ಗಲಿಗೆ.

ಒಂದು ಚಿಕ್ಕ ಸೂಚನೆ ಇಲ್ಲೇ ಹೇಳಿಬಿಡಬೇಕು. 802.3ಎಕ್ಸ್ ಎಂಬ ‘ತುಸು ತಡೆ’ ಸಂಕೇತ ಹೊತ್ತಿದ್ದರೆ, ತುಂಬಿದ ಸ್ವಿಚ್ ಎದುರಿನವರಿಗೆ ‘ನಿಲ್ಲು’ ಎನ್ನುತ್ತದೆ, ಆಗ ಮೇಲು ದರ್ಜೆ ಕೆಳ ದರ್ಜೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಆದ್ಯತೆ ಬೇಕಾದವರು ಅದನ್ನು ಆಫ್ ಮಾಡಬೇಕು.

ವಿಳಾಸಕ್ಕೆ ಬೆಲೆಯಿರುವ ಕಡೆ

ಇಷ್ಟು ಓದಿದವರಿಗೆ ಮ್ಯಾಕ್ ಆದ್ಯತೆಯೇ ವ್ಯರ್ಥ ಅನ್ನಿಸಬಹುದು. ಹಾಗಲ್ಲ. ಒಂದೇ ಕೆಲಸ ಮಾಡುವ, ಜಾಗ ಬಿಟ್ಟು ಕದಲದ ಸಾಧನಗಳ ವಿಷಯದಲ್ಲಿ ‘ಯಾರು’ ಮತ್ತು ‘ಏನು’ ಎರಡೂ ಒಂದೇ. ಐಪಿ ಫೋನ್‌ನಿಂದ ಹೊರಡುವುದು ಧ್ವನಿ ಮತ್ತು ಅದರ ಸಂಜ್ಞೆ, ಬೇರೇನಿಲ್ಲ. ಅದಕ್ಕೇ ಟಿಪಿ-ಲಿಂಕ್, ನೆಟ್‌ಗಿಯರ್, ಡಿ-ಲಿಂಕ್, ಸಿಸ್ಕೊದ ಸಣ್ಣ ಕಚೇರಿ ಸ್ವಿಚ್‌ಗಳಲ್ಲಿ ವಾಯ್ಸ್ ವಿಲ್ಯಾನ್ ಎಂಬ ಸೌಲಭ್ಯ ಬಂತು: ವಿಳಾಸದ ಮೊದಲ 24 ಬಿಟ್ ನೋಡಿ, ಇದು ಫೋನ್ ತಯಾರಕರದ್ದೆಂದು ಕಂಡರೆ ಧ್ವನಿಯ ವಿಲ್ಯಾನ್‌ಗೆ ಸೇರಿಸಿ ಮೇಲಿನ ದರ್ಜೆ ಕೊಡುವುದು. ಒಂದೊಂದು ಫೋನ್‌ಗೂ ನಿಯಮ ಬರೆಯಬೇಕಿಲ್ಲ. ದೋಷವೂ ಇದೆ: ಫೋನ್ ಮಾಡುವ ಕಂಪನಿ ಬೇರೆ ಉಪಕರಣವನ್ನೂ ಮಾಡುತ್ತದೆ, ಮತ್ತು ಐಇಇಇ ಈಗ ಸಣ್ಣ ತಯಾರಕರಿಗೆ 28 ಅಥವಾ 36 ಬಿಟ್‌ಗಳ ಮುಂಗುರುತು ಕೊಡುವುದರಿಂದ ಮೊದಲ 24 ಬಿಟ್ ಹಲವು ಕಂಪನಿಗಳಿಗೆ ಸಾಮಾನ್ಯವಾಗಿರಬಹುದು. ಫೋನ್ ತಾನೇ ‘ನಾನು ಫೋನ್’ ಎಂದು ಸ್ವಿಚ್‌ಗೆ ಹೇಳುವ ಎಲ್‌ಎಲ್‌ಡಿಪಿ-ಮೆಡ್ 2006ರಿಂದಲೇ ಇದೆ. ಎರಡೂ ಲಭ್ಯವಿದ್ದರೆ ಅದನ್ನೇ ಆರಿಸುವುದು ಮೇಲು.

ವಿಳಾಸ ಆಧಾರಿತ ಆದ್ಯತೆ ಪೂರ್ಣ ಗೌರವದಿಂದ ಬಾಳುವುದು ಕಾರ್ಖಾನೆ ಮತ್ತು ವಿದ್ಯುತ್ ಉಪಕೇಂದ್ರಗಳಲ್ಲಿ. ಐಇಸಿ 61850 ಮಾನದಂಡದ ಗೂಸ್ ಸಂದೇಶ ರಿಲೇಯಿಂದ ರಿಲೇಗೆ ‘ಬ್ರೇಕರ್ ತೆರೆ’ ಎನ್ನುತ್ತದೆ. ಅತಿ ತುರ್ತು ವರ್ಗಕ್ಕೆ ಮಾನದಂಡ ಕೊಡುವ ಸಮಯ ಮೂರ್ನಾಲ್ಕು ಮಿಲಿಸೆಕೆಂಡ್. ಐಪಿ ಇಲ್ಲ, ರೌಟರ್ ಇಲ್ಲ. ನೇರ ಈಥರ್ನೆಟ್ ಮೇಲೆ, ಅದಕ್ಕೆಂದೇ ಮೀಸಲಿಟ್ಟ ಗುಂಪು ಮ್ಯಾಕ್ ವಿಳಾಸಗಳಿಗೆ, 802.1ಕ್ಯೂ ಚೀಟಿಯೊಂದಿಗೆ ಹೋಗುತ್ತದೆ. ಅದರ ರೂಢಿಯ ದರ್ಜೆ 4. ಕಾರ್ಖಾನೆಯ ಪ್ರೊಫಿನೆಟ್‌ನ ತುರ್ತು ಹರಿವೂ ಐಪಿ ಇಲ್ಲದೆ, ದರ್ಜೆ 6ರಲ್ಲಿ ಓಡುತ್ತದೆ. ಮೇಲೆ ಹೇಳಿದ ಕ್ಯಾಟಲಿಸ್ಟ್‌ನ ಮ್ಯಾಕ್ ನಿಯಮ ಕಚೇರಿಯಲ್ಲಿ ಕೈಕೊಟ್ಟರೂ ಇಂಥ ಕಡೆ ಹಿಡಿಯುತ್ತದೆ.

ಟಿಎಸ್‌ಎನ್ ಎಂದು ಒಟ್ಟಾಗಿ ಕರೆಯುವ ಹೊಸ ಮಾನದಂಡಗಳು ಇದನ್ನೇ ಮುಂದಕ್ಕೊಯ್ದಿವೆ. 2015ರ 802.1ಕ್ಯೂಬಿವಿ, ಪ್ರತಿ ಸರತಿಯ ಬಾಗಿಲನ್ನು ಗಡಿಯಾರ ನೋಡಿ ತೆರೆದು ಮುಚ್ಚುತ್ತದೆ. ಮರುವರ್ಷದ 802.1ಕ್ಯೂಬಿಯು, ಹೊರಡುತ್ತಿರುವ ದೊಡ್ಡ ಫ್ರೇಮನ್ನು ನಡುವೆ ತುಂಡರಿಸಿ ತುರ್ತಿನದನ್ನು ಮುಂದೆ ಬಿಡುತ್ತದೆ. 2017ರ 802.1ಸಿಬಿ ಒಂದು ಹರಿವನ್ನು ಗುರುತಿಸಲು ಬಳಸುವ ಆಧಾರಗಳಲ್ಲಿ ಪಡೆಯುವವರ ಮ್ಯಾಕ್ ಮತ್ತು ವಿಲ್ಯಾನ್ ಒಂದು ಜೋಡಿ, ಕಳುಹಿಸುವವರ ಮ್ಯಾಕ್ ಮತ್ತು ವಿಲ್ಯಾನ್ ಇನ್ನೊಂದು. ಅಲ್ಲಿ ವಿಳಾಸ ಒಂದು ಯಂತ್ರಕ್ಕಿಂತ ಹೆಚ್ಚಾಗಿ ಒಂದು ನಿರ್ದಿಷ್ಟ ಹರಿವಿನ ಹೆಸರು. ಯಾವ ಹರಿವು ಎಷ್ಟು ಕಳುಹಿಸಬಹುದು, ಯಾವ ಕ್ಷಣದಲ್ಲಿ ಎಂಬುದೆಲ್ಲ ಮೊದಲೇ ಲೆಕ್ಕ ಹಾಕಿರುತ್ತದೆ.

ಹೊಸ ಸ್ವಿಚ್ ಕೊಳ್ಳಲು ಹೊರಟಿರುವವರು ಅಂಗಡಿಯವರನ್ನು ‘ಮ್ಯಾಕ್ ಕ್ಯೂಒಎಸ್ ಇದೆಯೇ’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಆ ನಿಯಮ ಐಪಿ ಹರಿವಿಗೂ ತಗಲುತ್ತದೆಯೇ, ಪಡೆಯುವವರ ವಿಳಾಸಕ್ಕೂ ಬರೆಯಬಹುದೇ, ಸರತಿ ಎಷ್ಟು, ತೂಕದ ಹಂಚಿಕೆ ಇದೆಯೇ ಎಂದು ಕೇಳಿ. ಉತ್ತರ ಕೈಪಿಡಿಯಲ್ಲಿ ಸಿಗದಿದ್ದರೆ ಅಂಥ ಸ್ವಿಚ್ ಬೇಡ. ಲ್ಯಾಪ್‌ಟಾಪ್, ಮೊಬೈಲ್‌ಗಳಿಗಾಗಿ ಈ ಖರ್ಚು ಮಾಡುತ್ತಿದ್ದೀರಾದರೆ ಅದೇ ಹಣದಲ್ಲಿ ಕೇಕ್ ನಡೆಸಬಲ್ಲ ಒಂದು ರೌಟರ್ ತನ್ನಿ.